ಕೌಜುಗದ ಹಿಂದೆ ಓಡಿದವನು

ಸುಟ್ಟ ಪುಕ್ಕದ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಮೊನ್ನೆ ಸುರತ್ಕಲ್ಲಿನ ಕೋಳಿ ಅಂಗಡಿಯ ಹಿಂದೆ ಯಾರೋ ಪುಕ್ಕದ ರಾಶಿಗೆ ಬೆಂಕಿ ಹಾಕಿದ್ದರು. ದಾರಿಹೋಕರೆಲ್ಲ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರೆ ನಾನೊಬ್ಬಳು ನಿಂತು ಉಸಿರೆಳೆದುಕೊಂಡೆ. ಹುಚ್ಚು ಅನ್ನಿ ಬೇಕಾದರೆ. ಆ ವಾಸನೆಯಲ್ಲಿ ನನ್ನ ಒಂದು ಮನೆಯೇ ಉಂಟು. ಒಮಾನಿನ ಉತ್ತರದ ತುದಿಯಲ್ಲಿ, ಬೋಳು ಬೆಟ್ಟಗಳು ನೇರ ಸಮುದ್ರಕ್ಕೆ ಇಳಿಯುವ ಖಸಬ್ ಎಂಬ ಊರಿನಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ ನಾವಿದ್ದ ಕಂಪೆನಿ ಕ್ವಾರ್ಟರ್ಸು ಅದು. ರಸ್ತೆ ಮಾಡುವ ಕಂಪೆನಿಯಲ್ಲಿ ಅಪ್ಪ ಅಕೌಂಟ್ಸ್ ನೋಡುತ್ತಿದ್ದರು. ಅಮ್ಮ, ನಾನು, ಮತ್ತೆ ಅಮ್ಮನ ತಮ್ಮ ರಘು ಮಾವ. ಚಳಿಗಾಲದ ಶುಕ್ರವಾರಗಳಲ್ಲಿ, ಹಿತ್ತಲ ಖರ್ಜೂರದ ಮರದ ಕೆಳಗೆ, ಅಮ್ಮ ಸೀಮೆಎಣ್ಣೆ ಸ್ಟವ್ವಿನ ಉರಿಗೆ ಕೌಜುಗ ಹಕ್ಕಿಗಳನ್ನು ಹಿಡಿದು ಮೈಮೇಲೆ ಉಳಿದ ನವಿರು ಸುಡುತ್ತಿದ್ದಳು. ಅವಳ ಮೊಣಕೈವರೆಗೂ ರಕ್ತ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಕ್ಕಿಗಳ ಹೊಟ್ಟೆ ಬಗೆದು ಬಂದೂಕಿನ ಸಣ್ಣ ಸೀಸದ ಗುಂಡು, ಛರ್ರೆ, ಹೆಕ್ಕುತ್ತಿದ್ದೆ. ಒಂದು ಛರ್ರೆ ಮಾಂಸದಲ್ಲಿ ಉಳಿದರೆ ಅಪ್ಪನ ಹಲ್ಲಿಗೇ ಸಿಗುವುದೆಂದು ಮನೆಯಲ್ಲಿ ಖಾಯಂ ತಮಾಷೆ.

ರಘು ಮಾವ ಕೋಲ್ಡ್ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದ. ವಾರವಿಡೀ ಕಲ್ಲಿನಂತೆ ಹೆಪ್ಪುಗಟ್ಟಿದ ಬ್ರೆಜಿಲ್ ಕೋಳಿ ಮಾರಿ ಮಾರಿ ಅವನಿಗೆ ರೇಜಿಗೆ ಹತ್ತಿತ್ತು. "ಇದು ಕೋಳಿಯಾ ಮಾರಾಯ್ತಿ? ಸೋಪು!" ಅನ್ನುತ್ತಿದ್ದ. ಊರಿನಲ್ಲಿ ಅವನು ಬೇಟೆಯ ಹುಚ್ಚ. ನಾಯಿ ಕಟ್ಟಿಕೊಂಡು ಹಂದಿಯ ಹಿಂದೆ ಗುಡ್ಡ ಗುಡ್ಡ ಅಲೆದು ತೊಡೆಯ ಮೇಲೆ ಕೋರೆಯ ಗಾಯ ಹೊತ್ತವನು. ಮದುವೆಯಾಗು ಎಂದರೆ ಆ ಗಾಯ ತೋರಿಸಿ "ಇದನ್ನು ನೋಡಿ ಯಾರು ಹೆಣ್ಣು ಕೊಡ್ತಾರೆ ಅಕ್ಕಾ?" ಎಂದು ನಗುತ್ತಿದ್ದ. ಪಾಪದವನಲ್ಲ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಆದರೆ ಬೇಟೆಯ ಕಟ್ಟಳೆಯ ವಿಷಯದಲ್ಲಿ ಮಾತ್ರ ಪೂಜೆ ಮಾಡುವ ಭಟ್ಟರಿಗಿಂತ ಹೆಚ್ಚು ಮಡಿ. ಅವನ ಕಡೆಯ ಬೇಟೆಗಾರರ ಕಟ್ಟಳೆ ಏನೆಂದರೆ, ಹೊಡೆದವನಿಗೆ ಮೊದಲ ಪಾಲು. ಹೊಡೆದವನು ಒಂದು ತುತ್ತು ತಿನ್ನದೆ ಆ ಮಾಂಸವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಕಾಡು ಮುನಿಯುತ್ತದಂತೆ. ಮರವೇ ಇಲ್ಲದ ಆ ಬೆಟ್ಟದಲ್ಲಿ ಯಾವ ಕಾಡು ಮಾರಾಯ ಎಂದು ಅಪ್ಪ ಕೇಳಿದರೆ, "ಭಾವ, ನೀವು ಲೆಕ್ಕ ನೋಡಿ, ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹೊಡೆಯುವವನು ಸೈಫ್ ಚಾಚಾ. ನಮ್ಮ ಬೀದಿಯ ಕೊನೆಯ ಮನೆಯವನು, ಮೀನು ಹಿಡಿಯುವವನು. ಬಂದೂಕು ಅವನದು, ದೋಣಿಯೂ ಅವನದು. ನಮ್ಮಂಥವರು ಅಲ್ಲಿ ಬಂದೂಕು ಮುಟ್ಟುವ ಹಾಗಿರಲಿಲ್ಲ. ಶುಕ್ರವಾರ ಬೆಳಕು ಹರಿಯುತ್ತಲೇ "ಯಲ್ಲಾ, ಶಾಲಿ!" ಎಂದು ನನ್ನನ್ನು ಕರೆಯುತ್ತ ಗೇಟು ಬಡಿಯುತ್ತಿದ್ದ. ನನ್ನನ್ನು ಬಿಟ್ಟು ಹೋದರೆ ನಾನು ಮನೆಯನ್ನೇ ಎತ್ತಿ ಕುಕ್ಕುತ್ತಿದ್ದುದರಿಂದ ನನಗೂ ದೋಣಿಯಲ್ಲಿ ಜಾಗವಿತ್ತು. ಎರಡೂ ಕಡೆ ಗೋಡೆಯಂಥ ಬೆಟ್ಟ, ನಡುವೆ ಒಳಗೊಳಗೇ ತಿರುಗುತ್ತ ಹೋಗುವ ಕಡಲು. ಅದರ ಕೊನೆಯಲ್ಲಿ ರಸ್ತೆಯಿಲ್ಲದ, ಬೇಲಿಯಿಲ್ಲದ, ಯಾರದೂ ಅಲ್ಲದ, ಹಾಗಾಗಿ ಎಲ್ಲರದೂ ಆದ ಒಂದು ಒಣ ಕಣಿವೆ. ಮೇಲೆ ಕಲ್ಲು ಕಟ್ಟಿದ ಹಳೇ ನೀರಿನ ತೊಟ್ಟಿ. ಬಿಸಿಲೇರುವ ಮೊದಲು ಕೌಜುಗಗಳು ಅಲ್ಲಿಗೆ ನೀರಿಗೆ ಬರುತ್ತಿದ್ದವು. ಕೆಂಪು ಕೊಕ್ಕು, ಕೆಂಪು ಕಾಲು, ಕೊರಳಿಗೆ ಕರಿ ಪಟ್ಟಿ. ಅಷ್ಟು ಚೆಂದದ ಹಕ್ಕಿ ಗುಂಡು ತಗುಲಿ ಕಲ್ಲಿಗೆ ಬಡಿದಾಗ ಬರುವ ಸದ್ದು ಮಾತ್ರ ಅಸಹ್ಯ. ರೆಕ್ಕೆ ಮುರಿದದ್ದು ಕುಂಟುತ್ತ, ಕಿರಿಚುತ್ತ, ಪೊದೆಯೊಳಗೆ ನುಗ್ಗುತ್ತಿತ್ತು. ನನಗೆ ಮರುಕ ಬರುತ್ತಿತ್ತೆಂದು ಬರೆದರೆ ಸುಳ್ಳಾದೀತು. ನನಗೆ ಖುಷಿಯಾಗುತ್ತಿತ್ತು, ಕುಣಿಯುತ್ತಿದ್ದೆ.

ಹಕ್ಕಿ ಬಿದ್ದದ್ದೇ ತಡ ರಘು ಮಾವ ಓಡುತ್ತಿದ್ದ. ಯಾಕೆಂದರೆ ಸೈಫ್ ಚಾಚಾ ತಿನ್ನಬೇಕಾದರೆ ಅದು ಹಲಾಲ್ ಆಗಬೇಕು, ಜೀವ ಹೋಗುವ ಮೊದಲು ಅವನ ಚೂರಿಗೆ ಸಿಗಬೇಕು ಎಂಬುದು ಮಾವನ ತಿಳಿವಳಿಕೆ. ಹೊಡೆದವನು ತಿನ್ನದಿದ್ದರೆ ನಾವ್ಯಾರೂ ತಿನ್ನುವಂತಿಲ್ಲವಲ್ಲ! ಆದ್ದರಿಂದ ಅವನು ಲುಂಗಿ ಎತ್ತಿ ಕಟ್ಟಿ, ಚೂಪು ಕಲ್ಲುಗಳ ಮೇಲೆ ಹಾರುತ್ತ ಹೋಗಿ, ಒದ್ದಾಡುವ ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಜೀವ ಉಂಟು! ಜೀವ ಉಂಟು!" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದ. ಸೈಫ್ ಚಾಚಾ ನಗುತ್ತ ಚೂರಿ ತೆಗೆಯುತ್ತಿದ್ದ. ದಾರಿಯಲ್ಲೇ ಸತ್ತ ಹಕ್ಕಿಯನ್ನು ಮಾವ ಅವನಿಗೆ ತೋರಿಸುತ್ತಲೂ ಇರಲಿಲ್ಲ. ಬೈಯುತ್ತ ಸಮುದ್ರಕ್ಕೆ ಎಸೆಯುತ್ತಿದ್ದ. ಮಧ್ಯಾಹ್ನ ನಮ್ಮ ಮನೆಯ ಚಾಪೆಯ ಮೇಲೆ ಸೈಫ್ ಚಾಚಾ ಕೂತು, ಊರಿಂದ ತಗಡಿನ ಡಬ್ಬದಲ್ಲಿ ಬಂದ ಒಣ ರೊಟ್ಟಿಯನ್ನು ಮುರಿದು ಅಮ್ಮನ ಕೆಂಪು ಗಸಿಯಲ್ಲಿ ನೆನೆಸಿ ಮೊದಲ ತುತ್ತು ಬಾಯಿಗಿಡುತ್ತಿದ್ದ. ಖಾರಕ್ಕೆ ಅವನ ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ಅಮ್ಮನನ್ನು ಅವನು ಅವರ ರೂಢಿಯಂತೆ ಉಮ್ಮ್ ಶಾಲಿ, ಅಂದರೆ ಶಾಲಿಯ ತಾಯಿ, ಎಂದು ಕರೆಯುತ್ತಿದ್ದ. "ಉಮ್ಮ್ ಶಾಲಿ, ನೀನು ನನ್ನನ್ನು ಕೊಲ್ತೀ" ಎಂದು ಹಿಂದಿಯಲ್ಲಿ ಗೋಳಾಡಿ ಇನ್ನೆರಡು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಆಗ ನಾವೆಲ್ಲ ಕೈಹಾಕುತ್ತಿದ್ದೆವು. ನಾನು ಅಷ್ಟು ರುಚಿಯಾಗಿ ಮತ್ತೆಂದೂ ಉಣ್ಣಲಿಲ್ಲ.

ಆ ಶುಕ್ರವಾರವೂ ಎಲ್ಲ ಹಾಗೇ ನಡೆಯಿತು. ಹಿಂಡು ಎದ್ದಿತು, ಸೈಫ್ ಚಾಚಾ ಹೊಡೆದ, ಒಂದು ಹಕ್ಕಿ ಇಳಿಜಾರಿನ ಬಂಡೆಗಳ ಹಿಂದೆ ಬಿತ್ತು, ಮಾವ ಓಡಿದ. ಬಂಡೆಗಳ ಮರೆಗೆ ಹೋದದ್ದರಿಂದ ಕಣ್ಣಿಗೆ ಬೀಳದಾದ. ಅಷ್ಟರಲ್ಲಿ ಹಿಂದುಳಿದ ಇನ್ನೊಂದು ಕೌಜುಗ ತೊಟ್ಟಿಯ ಪಕ್ಕದಿಂದ ಎದ್ದು ನೆಲ ಸವರಿಕೊಂಡು ಅದೇ ಇಳಿಜಾರಿಗೆ ಹಾರಿತು. ಸೈಫ್ ಚಾಚಾ ಬಂದೂಕಿನ ತುದಿಯನ್ನು ಅದರ ಹಿಂದೆಯೇ ತಿರುಗಿಸಿದ. ಮಾವ ಹಕ್ಕಿ ಎತ್ತಿ ಹಿಡಿದು ಬಂಡೆಯ ಹಿಂದಿನಿಂದ ಎದ್ದು ನಿಂತ. "ಜೀವ ಉಂ..." ಅಷ್ಟೇ ಕೇಳಿಸಿದ್ದು. ಛರ್ರೆ ಅವನ ಕೊರಳಿಗೂ ಎದೆಗೂ ಹೊಕ್ಕಿತ್ತು. ನಾವು ಓಡಿ ಮುಟ್ಟುವಷ್ಟರಲ್ಲಿ ಅವನು ಬಂಡೆಗೆ ಒರಗಿ ಕೂತಿದ್ದ. ಕೊರಳಿನಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು, ಬಾಯಿಂದಲೂ. ಬನಿಯನು ಎದೆಗೆ ಅಂಟಿ ತೂತುತೂತಾಗಿತ್ತು. ಹಕ್ಕಿ ಇನ್ನೂ ಕೈಯಲ್ಲೇ ಇತ್ತು, ಒದೆಯುತ್ತಿತ್ತು. ಸೈಫ್ ಚಾಚಾ ತನ್ನ ತಲೆಯ ಬಟ್ಟೆ ಬಿಚ್ಚಿ ಅವನ ಕೊರಳಿಗೆ ಒತ್ತಿ ಹಿಡಿದ. ಗಳಿಗೆಯಲ್ಲಿ ಅದು ಒದ್ದೆಯಾಯಿತು. ನಾನು ಮಾವನ ಬೆರಳು ಒಂದೊಂದಾಗಿ ಬಿಡಿಸಿದೆ. ಹಕ್ಕಿ ಕುಂಟುತ್ತ ಪೊದೆಗೆ ನುಗ್ಗಿತು. ಅದನ್ನು ಅಟ್ಟಿಕೊಂಡು ಹೋಗಿ ಕಲ್ಲಿನಿಂದ ಜಜ್ಜಿ ಕೊಲ್ಲಬೇಕೆನಿಸುವಷ್ಟು ಸಿಟ್ಟು ನನಗೆ ಬಂದಿತ್ತು.

ಮಾವನನ್ನು ಹೆಗಲ ಮೇಲೆ ಹೊತ್ತು ಸೈಫ್ ಚಾಚಾ ಕಣಿವೆ ಇಳಿದ. ಎರಡು ಸಲ ಮುಗ್ಗರಿಸಿದ, ಮೊಣಕಾಲಿನ ಚರ್ಮ ಕಿತ್ತುಹೋಯಿತು. ದೋಣಿಯಲ್ಲಿ ಮಾವನ ತಲೆ ನನ್ನ ತೊಡೆಯ ಮೇಲೆ. ದೋಣಿಯ ತಳದಲ್ಲಿ ನಿಂತ ಉಪ್ಪುನೀರು ಕೆಂಪಾಗಿ ಆಚೀಚೆ ತುಳುಕುತ್ತಿತ್ತು. ಆ ಗೋಡೆಯಂಥ ಬೆಟ್ಟಗಳು ಮುಗಿಯುವುದೇ ಇಲ್ಲ, ಒಂದರ ಹಿಂದೆ ಇನ್ನೊಂದು. ಸೈಫ್ ಚಾಚಾ ಎಂಜಿನನ್ನು ಬೈಯುತ್ತಿದ್ದ, ದೇವರನ್ನು ಕರೆಯುತ್ತಿದ್ದ. ನಡುನಡುವೆ ನನ್ನ ಕಡೆ ತಿರುಗಿ, ಅವನಿಗೆ ಬರುತ್ತಿದ್ದ ನಮ್ಮ ಭಾಷೆಯ ಒಂದೇ ಮಾತು, "ಜೀವ ಉಂಟು, ಶಾಲಿ? ಜೀವ ಉಂಟು?" ಎಂದು ಕೇಳುತ್ತಿದ್ದ. ಉಂಟು ಉಂಟು ಎನ್ನುತ್ತಿದ್ದೆ. ಊರು ಕಾಣುವ ಮೊದಲೇ ಮಾವನ ಮೈ ಒಮ್ಮೆ ಬಿಲ್ಲಿನಂತೆ ಸೆಟೆದು ಸಡಿಲವಾಯಿತು. ಆಮೇಲೂ ನಾನು ಉಂಟು ಎಂದೇ ಹೇಳುತ್ತಿದ್ದೆ.

ಪೊಲೀಸರು ಸೈಫ್ ಚಾಚಾನನ್ನು ಕೂಡಿಹಾಕಿದರು. ಕೈತಪ್ಪಿ ಆದದ್ದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸತ್ತವನ ವಾರಸುದಾರರು ಕ್ಷಮಿಸಿದೆವು ಎನ್ನಬೇಕು, ಆಮೇಲಷ್ಟೇ ಬಿಡುಗಡೆಯ ಮಾತು ಎಂದರು. ಅಪ್ಪನನ್ನು ಕರೆಸಿ ಕೇಳಿದಾಗ ಅವರು, "ನಮ್ಮವರಲ್ಲಿ ಅಳಿಯಕಟ್ಟು, ಅಕ್ಕನೇ ವಾರಸು. ಅವಳನ್ನೇ ಕೇಳಿ" ಎಂದರಂತೆ. ಅಪ್ಪ ಹೆಣದ ಜೊತೆ ಊರಿಗೆ ಹೊರಟ ಮಾರನೇ ದಿನ ಒಬ್ಬ ಅಧಿಕಾರಿ ಸೈಫ್ ಚಾಚಾನನ್ನು ನಮ್ಮ ಬಾಗಿಲಿಗೆ ಕರೆತಂದ. ಅಮ್ಮ ತಲೆಬಾಗಿಲಲ್ಲಿ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. "ಹಲಾಲ್ ಆಗಲಿ ಅಂತ ಓಡಿದ, ನಿನಗೋಸ್ಕರ ಓಡಿದ ನನ್ನ ತಮ್ಮ" ಎಂದಳು, ಅವಳ ಹರಕು ಹಿಂದಿಯಲ್ಲಿ. ಸೈಫ್ ಚಾಚಾ ತಲೆ ಎತ್ತಿ ನೋಡಿದ. ಅವನ ಮುಖದಲ್ಲಿ ಆಗ ಕಂಡದ್ದನ್ನು ಬೇರೆ ಯಾರ ಮುಖದಲ್ಲೂ ನಾನು ಕಂಡಿಲ್ಲ. "ನಾನು ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಿಯೇ ಗುಂಡು ಹಾರಿಸುತ್ತಿದ್ದೆ, ಉಮ್ಮ್ ಶಾಲಿ. ಹಾಗೆ ಹೊಡೆದ ಹಕ್ಕಿ ಬಿದ್ದಲ್ಲೇ ಸತ್ತರೂ ನಮಗೆ ಹಲಾಲ್. ಅವನು ಓಡಬೇಕಾದ್ದೇ ಇರಲಿಲ್ಲ" ಎಂದ. ಮತ್ತೆ, "ಅವನಿಗೆ ಓಡುವುದೆಂದರೆ ಖುಷಿ ಅಂದುಕೊಂಡಿದ್ದೆ" ಎಂದ.

ಅಮ್ಮ ಅವನ ಮೇಲೆ ಬಿದ್ದಳು. ಕೆನ್ನೆಗೆ, ಎದೆಗೆ, ತಲೆಗೆ, ಸಿಕ್ಕಲ್ಲಿ ಹೊಡೆದಳು. ಬಳೆ ಒಡೆದು ಅವಳ ಕೈಯೂ ಅವನ ಮುಖವೂ ರಕ್ತವಾಯಿತು. ಅಷ್ಟೆತ್ತರದ ಆಳು ಕೈ ಎತ್ತಿ ಮುಖ ಸಹ ಮುಚ್ಚಿಕೊಳ್ಳಲಿಲ್ಲ. ಅಧಿಕಾರಿ ಬೆನ್ನು ತಿರುಗಿಸಿ ಬೀದಿ ನೋಡುತ್ತ ನಿಂತ. ನಾನು "ಸಾಕಮ್ಮಾ, ಸಾಕು" ಎಂದು ಸೀರೆ ಹಿಡಿದು ಜಗ್ಗುತ್ತಿದ್ದೆ. ಕೈ ಸೋತ ಮೇಲೆ ಅಮ್ಮ ಅಧಿಕಾರಿಗೆ, "ಖಲಾಸ್. ಕೈತಪ್ಪಿ ಆದದ್ದು. ಬಿಟ್ಟುಬಿಡಿ" ಎಂದಳು. ಸೈಫ್ ಚಾಚಾನಿಗೆ, "ಇನ್ನು ಈ ಹೊಸ್ತಿಲು ತುಳಿಯಬೇಡ" ಎಂದು ಬಾಗಿಲು ಹಾಕಿಕೊಂಡಳು.

ಅವನು ತುಳಿಯಲಿಲ್ಲ. ಆದರೆ ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಗೇಟಿಗೆ ಮೀನು ತೂಗುತ್ತಿತ್ತು, ಕಿವಿರಿಗೆ ಹಗ್ಗ ಪೋಣಿಸಿ ಕಟ್ಟಿದ್ದು. ಅಮ್ಮ ಅದನ್ನು ಕಿತ್ತು ಬೀದಿಯ ಬೆಕ್ಕುಗಳಿಗೆ ಎಸೆಯುತ್ತಿದ್ದಳು. ಎಸೆದು ಕೈ ತೊಳೆದು ಬಂದು ಅಡಿಗೆಮನೆಯಲ್ಲಿ ಹಲ್ಲು ಕಚ್ಚಿ ಅಳುತ್ತಿದ್ದಳು. ಕ್ಷಮಿಸಿದೆ ಅಂದಿದ್ದೀಯಲ್ಲ ಎಂದು ಊರಿಂದ ವಾಪಸಾದ ಅಪ್ಪ ಹೇಳಿದರೆ, "ಅದು ಪೊಲೀಸರಿಗೆ ಹೇಳಿದ್ದು" ಎನ್ನುತ್ತಿದ್ದಳು. ಬೇಸಿಗೆ ಹೊತ್ತಿಗೆ ಅಪ್ಪ ಮಸ್ಕತ್ತಿನ ಬಳಿಯ ಬೌಷರಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಮನೆ ಖಾಲಿಯಾಗಿತ್ತು. ಪೆಟ್ಟಿಗೆಗಳೆಲ್ಲ ಪಿಕಪ್ ಹತ್ತಿದ್ದವು. ಸೈಫ್ ಚಾಚಾ ಬಂದು ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು. ಅಮ್ಮ ಅವನನ್ನು ಬಹಳ ಹೊತ್ತು ನೋಡಿದಳು. "ವಿಮಾನಕ್ಕೆ ಹೊತ್ತಾಯ್ತು" ಎಂದು ಅಪ್ಪ ಅನ್ನುತ್ತಿದ್ದ ಹಾಗೇ ಅವಳು ಪಿಕಪ್ ಹತ್ತಿ, ಕಟ್ಟಿದ್ದ ಗೋಣಿ ಬಿಚ್ಚಿ, ಸ್ಟವ್ವನ್ನೂ ಒಂದು ಪಾತ್ರೆಯನ್ನೂ ಎಳೆದು ಇಳಿಸಿದಳು. ಅಡಿಗೆಮನೆಯ ಬರೀ ನೆಲದ ಮೇಲೆ ಸ್ಟವ್ ಹಚ್ಚಿ ಗಂಜಿ ಬೇಯಿಸಿದಳು. ಅಕ್ಕಿ ಅರಳಿತು.

"ಕರಿ ಅವನನ್ನು" ಎಂದಳು ನನಗೆ. ಅವನು ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ. ಅಮ್ಮನೇ ಕೈಹಿಡಿದು ಒಳಗೆಳೆದು ಗೋಡೆಗೆ ಕೂರಿಸಿ ಬಟ್ಟಲು ಮುಂದಿಟ್ಟಳು. ಅವನು ಬಟ್ಟಲನ್ನು ಬಾಯಿಯ ತನಕ ಎತ್ತಿ ಮತ್ತೆ ಕೆಳಗಿಟ್ಟ. "ಆಗುವುದಿಲ್ಲ, ಉಮ್ಮ್ ಶಾಲಿ" ಎಂದ.

"ಉಣ್ಣು" ಎಂದಳು ಅಮ್ಮ, ಹಿಂದಿಯಲ್ಲಲ್ಲ, ತಮ್ಮನಿಗೆ ಹೇಳುತ್ತಿದ್ದ ಹಾಗೆ. ಉಂಡು ಮುಗಿಸುವ ತನಕ ಅವನೆದುರು ಕೂತೇ ಇದ್ದಳು.