ನಾಲ್ಕು ಗಂಟೆಯ ಪುಸ್ತಕ, ಐವತ್ತು ನಿಮಿಷದ ನೀರು

ಹೊಳೆಯ ಹಳೇ ಸೇತುವೆಯ ಕಂಬದ ಮೇಲೆ ಗೀಟು ಹಾಕಿದ ಅಳತೆಪಟ್ಟಿಯನ್ನು ಇಪ್ಪತ್ತೆರಡು ವರ್ಷ ಓದಿದವಳಿಗೆ ಜನ ಇಟ್ಟ ಹೆಸರು ಅಳತೆಯಕ್ಕ. ದಿನಕ್ಕೆ ಮೂರು ಸಲ, ಮಳೆಗಾಲದಲ್ಲಿ ಗಂಟೆಗೊಂದು ಸಲ, ಕಂಬಿಯಿಂದ ಬಗ್ಗಿ ನೀರು ಯಾವ ಗೀಟು ಮುಟ್ಟಿದೆ ಎಂದು ನೋಡಬೇಕು, ಹೊತ್ತು ಸಮೇತ ವಹಿಯಲ್ಲಿ ಬರೆಯಬೇಕು, ಪೇಟೆಯ ಕಚೇರಿಗೆ ಫೋನ್ ಮಾಡಬೇಕು. ಇಷ್ಟೇ ಕೆಲಸ. ಬಗ್ಗಿ ಬಗ್ಗಿ ಅವಳ ಸೊಂಟ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

ಕಚೇರಿಯ ಬೀರುವಿನಲ್ಲಿ ನೆರೆ ಬಂದಾಗ ಏನು ಮಾಡಬೇಕು ಎಂದು ಹೇಳುವ ಪುಸ್ತಕವೊಂದಿತ್ತು. ರಟ್ಟು ದಪ್ಪ, ಬುದ್ಧಿ ತೆಳು. ಸೇತುವೆಯಲ್ಲಿ ನೀರು ಕೆಂಪು ಗೀಟು ಮುಟ್ಟಿದರೆ, ಅದು ಪೇಟೆಯ ಕೆಳಕೇರಿಗೆ ನುಗ್ಗಲು ನಾಲ್ಕು ಗಂಟೆ ಬೇಕು ಎಂದು ಅದರಲ್ಲಿ ಬರೆದಿತ್ತು. ಮೊದಲ ಗಂಟೆಯಲ್ಲಿ ಸಭೆ. ಎರಡನೆಯದರಲ್ಲಿ ಆದೇಶ ಟೈಪಾಗಿ ಸಹಿ ಬೀಳಬೇಕು. ಮೂರನೆಯದರಲ್ಲಿ ಬಸ್ಸು ಹುಡುಕಬೇಕು. ನಾಲ್ಕನೆಯ ಗಂಟೆಗೆ ಸೈರನ್ನು, ಆಮೇಲೆ ಜನ. ನೀರಿಗೂ ಸಾಯುವವರಿಗೂ ನಡುವೆ ಇಷ್ಟು ಕುರ್ಚಿ ಹಾಕಿಸಿದವರಿಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಇರಲಿಲ್ಲವೇನೋ.

ಆ ಪುಸ್ತಕ ಬರೆದ ಕಾಲಕ್ಕೆ ನಾಲ್ಕು ಗಂಟೆ ಸುಳ್ಳೇನೂ ಆಗಿರಲಿಲ್ಲ. ಹೊಳೆ ಆಗ ಜೊಂಡಿನ ನಡುವೆ ಸುತ್ತಿ ಬಳಸಿ, ಮೂರು ಕೆರೆಗಳಲ್ಲಿ ಮೈ ಚಾಚಿ, ಸೋಮಾರಿಯಂತೆ ಬರುತ್ತಿತ್ತು. ಆಮೇಲೆ ಕೆರೆಗಳನ್ನು ಮುಚ್ಚಿ ಸೈಟು ಮಾಡಿದರು. ಹೊಳೆಯನ್ನು ಎರಡು ಕಾಂಕ್ರೀಟ್ ಗೋಡೆಗಳ ನಡುವೆ ನೆಟ್ಟಗೆ ಎಳೆದರು. ಅಡ್ಡಾಡಿಕೊಂಡು ಬರುತ್ತಿದ್ದ ನೀರಿಗೆ ಜಾರುಬಂಡೆ ಕಟ್ಟಿಕೊಟ್ಟು, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡು ಹೋದರು. ಪುಸ್ತಕದ ಒಂದಕ್ಷರ ತಿದ್ದಲಿಲ್ಲ.

ತಿದ್ದಬೇಕೆಂದು ಅಳತೆಯಕ್ಕನಿಗೆ ಹೊಳೆದದ್ದು ತಂಗಿಯಿಂದ. ತಂಗಿಯ ಮನೆ ಕೆಳಕೇರಿಯ ತುದಿಯಲ್ಲಿತ್ತು, ಎದುರಿಗೇ ಪಂಪುಮನೆ. ಮೇಲೆ ಗೀಟಿಗೆ ನೀರು ಮುಟ್ಟಿದ ಹೊತ್ತನ್ನು ಅಕ್ಕ ಬರೆದುಕೊಳ್ಳುವಳು. ಪಂಪುಮನೆಯ ಮೆಟ್ಟಿಲು ನೆನೆದ ಹೊತ್ತನ್ನು ತಂಗಿ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವಳು. ಮೂರು ಮಳೆಗಾಲ, ಹನ್ನೊಂದು ಸಲ. ಒಂದು ಸಲವೂ ಐವತ್ತು ನಿಮಿಷ ದಾಟಲಿಲ್ಲ.

ಆ ಕ್ಯಾಲೆಂಡರು ಹಿಡಿದು ಅಳತೆಯಕ್ಕ ಕಚೇರಿಗೆ ಹೋದಳು. ಅಲ್ಲಿದ್ದವರು ನೋಡೋಣ ಸಾಹೇಬರು. ಯಾರು ಏನು ಕೇಳಿದರೂ ‘ನೋಡೋಣ’ ಎನ್ನುತ್ತಿದ್ದರು, ಯಾವತ್ತೂ ನೋಡುತ್ತಿರಲಿಲ್ಲ.

“ನಾಲ್ಕು ಗಂಟೆ ಇಲ್ಲ ಸಾರ್. ಐವತ್ತೇ ನಿಮಿಷ. ಲೆಕ್ಕ ಇಟ್ಟಿದೀವಿ.”

“ಯಾರಮ್ಮ ಇಟ್ಟಿದ್ದು?”

“ಮೇಲೆ ನಾನು, ಕೆಳಗೆ ನನ್ ತಂಗಿ.”

“ನಿನ್ ತಂಗಿ ಏನು ಇಂಜಿನಿಯರ್ರಾ?”

“ಅಲ್ಲ ಸಾರ್. ನೀರು ಅವಳ ಮನೆಯೊಳಗೆ ಬರತ್ತೆ.”

ಸಾಹೇಬರು ಕ್ಯಾಲೆಂಡರನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಇಡುವಂತೆ ಮೇಜಿನ ಅಂಚಿಗೆ ಇಟ್ಟರು.

“ಪುಸ್ತಕ ಆಮೇಲೆ ತಿದ್ದಿ ಸಾರ್. ಸೈರನ್ನಾದ್ರೂ ಮೊದ್ಲು ಹಾಕ್ಸಿ. ಸಭೆ ಬೇಕಾದ್ರೆ ಅದು ಕೂಗ್ತಿರೋವಾಗ್ಲೇ ಮಾಡ್ಕೊಳಿ.”

“ಸೈರನ್ ಹಾಕಿ ನೀರು ಬರ್ದೇ ಇದ್ರೆ? ಜನ ನಗಲ್ವಾ?”

“ನಗ್ಲಿ ಬಿಡಿ ಸಾರ್. ನಗೋದಕ್ಕೆ ಜನ ಇರ್ತಾರಲ್ಲ.”

“ನೋಡೋಣ” ಎಂದರು ಸಾಹೇಬರು.

ಅವರು ನೋಡುವುದಿಲ್ಲ ಎಂದು ಗೊತ್ತಾದ ಮೇಲೆ ಅಕ್ಕತಂಗಿಯರು ಕೆಳಕೇರಿಯಲ್ಲಿ ತಾವೇ ಕೂತು ಯೋಚಿಸಿದರು. ನಾಲ್ಕು ಗಂಟೆಯ ಕೆಲಸವನ್ನು ಅವಸರದಲ್ಲಿ ಮಾಡಿದರೆ ಐವತ್ತು ನಿಮಿಷಕ್ಕೆ ಇಳಿಯುವುದಿಲ್ಲ, ಅರ್ಧ ಕೆಲಸ ಬಿಟ್ಟೇಬಿಡಬೇಕು. ಬಸ್ಸಿಗೆ ಕಾಯುವಂತಿಲ್ಲ, ಗಂಟುಮೂಟೆ ಕಟ್ಟುವಂತಿಲ್ಲ. ದಿಬ್ಬದ ಮೇಲಿನ ಶಾಲೆಗೆ ನಡೆದರೆ ಹನ್ನೆರಡು ನಿಮಿಷ. ನಡೆಯಲಾರದವರನ್ನು ಯಾರು ಹೊರಬೇಕು ಎಂಬುದಷ್ಟೇ ಮೊದಲೇ ತೀರ್ಮಾನವಾಗಿರಬೇಕು. ತಂಗಿಯ ಅತ್ತೆಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ, ನಾಲಿಗೆಗೆ ಮಾತ್ರ ಯಾವ ರೋಗವೂ ಇರಲಿಲ್ಲ. ಮೊದಲ ಸಲ ಕುರ್ಚಿಯಲ್ಲಿ ಕೂರಿಸಿ ಹೊತ್ತಾಗ ಬಾಗಿಲಲ್ಲಿ ಸಿಕ್ಕಿಕೊಂಡು ನಲವತ್ತೊಂದು ನಿಮಿಷವಾಯಿತು.

“ಮೆಲ್ಲಗೆ ಹೊರ್ರಪ್ಪಾ, ನಾನಿನ್ನೂ ಸತ್ತಿಲ್ಲ!”

“ಸುಮ್ನಿರಿ ಅತ್ತೆ, ನೀವು ಬಯ್ದಷ್ಟೂ ಭಾರ ಆಗ್ತೀರ!” ಎಂದಳು ಸೊಸೆ.

ಬಾಗಿಲನ್ನು ಕೀಲಿನಿಂದ ಕಳಚುವಂತೆ ಮಾಡಿದರು, ಕುರ್ಚಿಗೆ ಎರಡು ಗಳ ಕಟ್ಟಿದರು. ಹದಿನೆಂಟು ನಿಮಿಷಕ್ಕೆ ಇಳಿಯಿತು.

ಕೇರಿಯಲ್ಲಿ ಇದಕ್ಕೆಲ್ಲ ನಕ್ಕವನು ದರ್ಜಿಯೊಬ್ಬನೇ. ಕಚೇರಿಯವರು ವರ್ಷಕ್ಕೊಮ್ಮೆ, ಒಂದು ವಾರ ಮೊದಲೇ ಚೀಟಿ ಹಂಚಿ, ಅಣಕು ಕಾರ್ಯಾಚರಣೆ ಎಂಬ ನಾಟಕ ಆಡುತ್ತಿದ್ದರು. ಸೈರನ್ ಕೂಗಿದೊಡನೆ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ್ದಕ್ಕೆ ದರ್ಜಿಗೆ ಪ್ರಶಸ್ತಿಪತ್ರ ಕೊಟ್ಟಿದ್ದರು. ಅದು ಕಟ್ಟು ಹಾಕಿಸಿಕೊಂಡು ಹೊಲಿಗೆ ಯಂತ್ರದ ಮೇಲೆ ತೂಗುತ್ತಿತ್ತು.

“ಅಕ್ಕ, ಸರ್ಕಾರದವ್ರು ಸೈರನ್ ಇಟ್ಟಿರೋದು ಕಾಗೆ ಗೂಡು ಕಟ್ಲಿ ಅಂತ್ಲಾ? ಅದು ಕೂಗ್ಲಿ, ನಿಮ್ಮತ್ತೆ ಕುರ್ಚಿಗಿಂತ ಮುಂದೆ ನಾನಿರ್ತೀನಿ” ಎಂದು ತಂಗಿಯನ್ನು ಕೆಣಕಿದ.

ಪಾಪ, ಅವನು ದಡ್ಡನಲ್ಲ. ಕಲಿಸಿದ್ದನ್ನು ಕಲಿತಿದ್ದ.

ಆ ವರ್ಷ ಎರಡು ದಿನ ಬಿಡದೆ ಮಳೆ ಹೊಯ್ದ ಮೇಲೆ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ನೀರು ಕೆಂಪು ಗೀಟು ಮುಟ್ಟಿತು. ಅಳತೆಯಕ್ಕ ಬರೆದಳು, ಕಚೇರಿಗೆ ಫೋನ್ ಮಾಡಿದಳು.

“ಸಭೆ ಕರೀತೀನಿ” ಎಂದರು ಸಾಹೇಬರು. “ನೀನು ಯಾರಿಗೂ ಹೇಳ್ಬೇಡ. ಗಾಬರಿ ಆಗ್ತಾರೆ.”

ಅಳತೆ ಓದುವವರು ಕಚೇರಿಗಲ್ಲದೆ ಇನ್ನಾರಿಗೂ ಹೇಳಕೂಡದೆಂಬುದು ನಿಯಮ. ಇಪ್ಪತ್ತೆರಡು ವರ್ಷ ಅದನ್ನು ಮುರಿಯದವಳು ಫೋನಿಟ್ಟು ಮತ್ತೆ ಎತ್ತಿದಳು. ತಂಗಿಗೆ ಒಂದೇ ಮಾತು ಹೇಳಿದಳು: “ಹೊರಡಿ.”

ತಂಗಿ ತಟ್ಟೆ ಬಡಿಯುತ್ತ ಕೇರಿಯುದ್ದ ಓಡಿದಳು. ಬಾಗಿಲು ಕಳಚಿತು, ಕುರ್ಚಿ ಎದ್ದಿತು, ಕೇರಿಗೆ ಕೇರಿಯೇ ದಿಬ್ಬ ಹತ್ತಿತು. ದರ್ಜಿ ಮಾತ್ರ ಯಂತ್ರದಿಂದ ಕಾಲು ತೆಗೆಯಲಿಲ್ಲ. “ನೀನು ಹೋಗಿರು, ಸೈರನ್ ಆದ ತಕ್ಷಣ ಬರ್ತೀನಿ. ಈ ಕಾಲರ್ ಒಂದು ಮುಗಿಸ್ಬಿಡ್ತೀನಿ” ಎಂದು, ಕರೆಯಲು ಬಂದ ಹೆಂಡತಿಯನ್ನು ಕಳಿಸಿದ.

ಹನ್ನೊಂದು ಎಂಟಕ್ಕೆ ಪಂಪುಮನೆಯ ಮೆಟ್ಟಿಲು ಮುಳುಗಿತು. ನೀರಿನ ರಭಸಕ್ಕೆ ಆಮೇಲೆ ಬೀದಿಗೆ ಕಾಲಿಡುವಂತಿರಲಿಲ್ಲ. ಇನ್ನರ್ಧ ಗಂಟೆಗೆ ದರ್ಜಿಯ ಅಂಗಡಿಯ ಚಾವಣಿ ತಗಡು ಮಾತ್ರ ಕಾಣುತ್ತಿತ್ತು, ದರ್ಜಿ ದಿಬ್ಬಕ್ಕೆ ಬರಲೇ ಇಲ್ಲ.

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ, ಪುಸ್ತಕದ ಪ್ರಕಾರ ಒಂದು ನಿಮಿಷವೂ ಆಚೀಚೆ ಆಗದಂತೆ, ಸೈರನ್ ಕೂಗಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರೂ ಇಷ್ಟು ಶಿಸ್ತಾಗಿ ಹಾಕಿರಲಾರರು. ಶಾಲೆಯ ಜಗಲಿಯಲ್ಲಿ ಕುರ್ಚಿಯ ಮೇಲಿದ್ದ ಅತ್ತೆ, “ಎದ್ರಾ ಮಹಾರಾಯರು?” ಎಂದಳು.

ನೀರು ಇಳಿದು ಒಂದು ವಾರಕ್ಕೆ ಸಾಹೇಬರು ಸೇತುವೆಗೇ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಬೂಟಿಗೆ ಕೆಸರು ಹತ್ತದಂತೆ ಕಾಲಿಟ್ಟು, ಸೇತುವೆ ಪಕ್ಕದ ಅಳತೆ ಕೋಣೆಯೊಳಗೆ ಬಂದು, ವಹಿ ತೆರೆಸಿದರು.

“ನೋಡಮ್ಮ, ನೀರು ಕೆಳಗೆ ಮುಟ್ಟಿದ್ದು ಹನ್ನೊಂದು ಎಂಟಕ್ಕೆ. ಪುಸ್ತಕದಲ್ಲಿ ನಾಲ್ಕು ಗಂಟೆ ಇದೆ. ಅಂದ್ರೆ ಗೀಟು ಮುಟ್ಟಿದ್ದು ಏಳು ಎಂಟಕ್ಕೆ. ನೀನು ಮೂರು ಗಂಟೆ ತಡವಾಗಿ ನೋಡಿದೀಯ. ವಯಸ್ಸಾಯ್ತು, ಆಗತ್ತೆ. ಹಾಗಂತ ಒಂದು ಸಾಲು ಬರ್ಕೊಡು. ನಿಂಗೇನೂ ಆಗದ ಹಾಗೆ ನಾನ್ ನೋಡ್ಕೋತೀನಿ.”

ಹೊಳೆ ಸುಳ್ಳು, ಗಡಿಯಾರ ಸುಳ್ಳು, ಸತ್ತವನೂ ಸುಳ್ಳು, ರಟ್ಟೊಂದೇ ನಿಜ. ಆ ಬಿಳಿ ಅಂಗಿಯಿಂದ ಬರುತ್ತಿದ್ದ ಅತ್ತರಿನ ವಾಸನೆಗೆ ಅಳತೆಯಕ್ಕ ಕಿಟಕಿ ತೆರೆದಳು.

“ಏಳು ಗಂಟೆಗೆ ಗೀಟಿಗಿಂತ ಎರಡಡಿ ಕೆಳಗಿತ್ತು ಸಾರ್. ಎಂಟಕ್ಕೂ ಬರ್ದಿದೀನಿ, ಒಂಬತ್ತಕ್ಕೂ ಬರ್ದಿದೀನಿ. ನಿಮ್ಮ ಕಚೇರೀಲಿ ಫೋನ್ ಎತ್ತಿದವ್ರೂ ಬರ್ಕೊಂಡಿರ್ತಾರೆ. ಅದನ್ನೂ ಹರೀತೀರಾ?”

“ಹಠ ಮಾಡ್ಬೇಡ.”

“ನೀವು ಎದ್ದು ಹೊರಗೆ ನಡೀರಿ ಸಾರ್. ಹತ್ತು ಗಂಟೆ ಅಳತೆ ನೋಡ್ಬೇಕು.”

ಹದಿನೈದು ದಿನಕ್ಕೆ ಕಾಗದ ಬಂತು: ಕಚೇರಿಯನ್ನು ಮೀರಿ ಸಾರ್ವಜನಿಕರಿಗೆ ಮಾಹಿತಿ ನೀಡಿದ ತಪ್ಪಿಗೆ ಒಂದನೇ ತಾರೀಖಿನಿಂದ ಸಾಮಾನು ಕೊಠಡಿಗೆ ವರ್ಗ. ಅದೇ ವಾರ ಪುಸ್ತಕ ಹೊಸ ರಟ್ಟಿನಲ್ಲಿ ಅಚ್ಚಾಗಿ ಬಂತು. ನಾಲ್ಕು ಗಂಟೆ ನಾಲ್ಕು ಗಂಟೆಯಾಗಿಯೇ ಇತ್ತು.

ವರ್ಗಕ್ಕೆ ಮೂರು ದಿನ ಇರುವಾಗ ದರ್ಜಿಯ ಹೆಂಡತಿ ಸೇತುವೆಗೆ ಬಂದಳು.

“ನೀವು ತಡ ಮಾಡಿದ್ರಿಂದ ಅವ್ರು ಹೋದ್ರು ಅಂತ ಸಾಹೇಬ್ರು ಹೇಳಿದ್ರು. ನಿಜಾನಾ ಅಕ್ಕ?”

ಅಳತೆಯಕ್ಕ ವಹಿ ತೆರೆದು ಆ ದಿನದ ಸಾಲಿನ ಮೇಲೆ ಬೆರಳಿಟ್ಟಳು. ದರ್ಜಿಯ ಹೆಂಡತಿ ತುಟಿ ಆಡಿಸುತ್ತ ಓದಿದಳು, ಎರಡು ಸಲ.

“ಹಾಗಾದ್ರೆ ನಾನ್ ಕರೆದಾಗ ಎದ್ದಿದ್ರೆ ಉಳೀತಿದ್ರು.”

ಇಲ್ಲ ಎಂದುಬಿಡಬಹುದಿತ್ತು. ಅಳತೆಯಕ್ಕನಿಗೆ ಸುಳ್ಳಾಡಲು ಬಾಯಿ ಬರಲಿಲ್ಲ. “ಹೂಂ” ಎಂದಳು.

ದರ್ಜಿಯ ಹೆಂಡತಿ ಮುಖ ಒರೆಸಿಕೊಂಡು ಎದ್ದಳು.

“ಒಂದನೇ ತಾರೀಖಿಂದ ಇಲ್ಲಿ ಯಾರ್ ಬರ್ತಾರೆ?”

“ಇನ್ನೂ ಯಾರ್ನೂ ಹಾಕಿಲ್ಲ. ನೋಡೋಣ ಅಂದ್ರಂತೆ.”

“ಕೆಂಪು ಗೀಟು ಯಾವುದು, ತೋರ್ಸಿ.”

ಇಬ್ಬರೂ ಕಂಬಿಯ ಹತ್ತಿರ ಹೋದರು. ದರ್ಜಿಯ ಹೆಂಡತಿ ತೀರಾ ಮುಂದಕ್ಕೆ ಬಾಗಿದಳು. ಅಳತೆಯಕ್ಕ ಅವಳ ತೋಳು ಬಿಗಿಯಾಗಿ ಹಿಡಿದುಕೊಂಡು, ಕೆಳಗಿನಿಂದ ಒಂದೊಂದೇ ಗೀಟು ಎಣಿಸಿ ಹೇಳತೊಡಗಿದಳು.