ಬಾರದವರ ಹಾಜರಿ

ನಮ್ಮ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಆಕೆಯನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದೆವು. ಆಫೀಸಿನ ಕಾಗದಪತ್ರದ ಜೊತೆಗೆ ವರ್ಷಕ್ಕೊಮ್ಮೆ ಮೆಕ್ಯಾನಿಕ್‌ಗಳಿಗೆ ನೀತಿಪಾಠ ಮಾಡುವುದು ಅವರ ಕೆಲಸ. ಲಂಚ ಮುಟ್ಟಬೇಡಿ, ತಪ್ಪು ಮುಚ್ಚಿಡಬೇಡಿ, ಕಣ್ಣಾರೆ ನೋಡದೆ ಸಹಿ ಹಾಕಬೇಡಿ. ಹಿಂದಿನ ಬೆಂಚಿನವರು 'ಪುಸ್ತಕದ ಬದನೆಕಾಯಿ' ಎಂದು ಕಿಸಕ್ಕೆನ್ನುತ್ತಿದ್ದರು. ಟೀಚರಮ್ಮ ಮಾತ್ರ ನಂಬಿಯೇ ಹೇಳುತ್ತಿದ್ದರು. ಮಂಡಿ ಸವೆದು ಮನೆಯಲ್ಲಿ ಕೂತ ಗಂಡ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಎಲ್ಲಕ್ಕೂ ಅವರೊಬ್ಬರದೇ ದುಡಿಮೆ. ಆದರೂ ಆಫೀಸಿನ ಒಂದು ಪೆನ್ನನ್ನೂ ಮನೆಗೆ ಒಯ್ದವರಲ್ಲ.

ಪಾಠವಿದೆಯೆಂದು ಲಿಫ್ಟುಗಳು ಕೆಡುವುದನ್ನು ಬಿಡುತ್ತವೆಯೇ? ಅರ್ಧ ಜನ ಕೆಲಸದ ಮೇಲೆ ಹೊರಗಿರುತ್ತಿದ್ದರು. ಎಲ್ಲರ ಸಹಿಯೂ ಬೇಕೆಂದು ಮ್ಯಾನೇಜರ್ ಹಟ. ಹಾಗಾಗಿ ಹಾಜರಿ ಹಾಳೆಯೇ ಬಾರದವರ ಬಳಿ ಹೋಗುವ ರೂಢಿ ಬಿದ್ದಿತ್ತು. ಗೋದಾಮಿನವನಾದ ನಾನೇ ಬೇರಿಂಗು, ಗ್ರೀಸಿನ ಡಬ್ಬಿಗಳ ಜೊತೆ ಟೀಚರಮ್ಮ ಕೊಟ್ಟ ಆ ಹಾಳೆಯನ್ನೂ ಒಯ್ಯುತ್ತಿದ್ದೆ. ಉದ್ದಣ್ಣನೆಂಬ ಹಳೇ ಮೆಕ್ಯಾನಿಕ್ ಏಣಿಯ ಮೇಲಿಂದಲೇ ಕೈಚಾಚಿ ಗೀಚಿ ಕೊಡುತ್ತಿದ್ದ. ಆರು ವರ್ಷದಲ್ಲಿ ಒಂದು ಪಾಠಕ್ಕೂ ಬಂದವನಲ್ಲ.

ಅವನು ಬ್ರೇಕು ನೋಡದೆ 'ಸರಿಯಿದೆ' ಎಂದು ಬರೆದ ಲಿಫ್ಟು ಒಂದು ಬೆಳಿಗ್ಗೆ ಜಾರಿತು. ಒಳಗಿದ್ದ ಹೆಂಗಸಿನ ಎರಡೂ ಕಾಲು ಮುರಿದವು.

ಉದ್ದಣ್ಣ ತಪ್ಪೊಪ್ಪಿಕೊಂಡ. ಕಂಪನಿಯ ನಿಯಮ ಸರಳ: ಪಾಠ ಕೇಳದೆ ತಪ್ಪು ಮಾಡಿದವನಿಗೆ ಮೂರು ತಿಂಗಳು ಅಮಾನತು, ಕೇಳಿಯೂ ಹೀಗೆ ಮಾಡಿದವನಿಗೆ ವಜಾ. ಮ್ಯಾನೇಜರ್ ಹಾಜರಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು.

"ನಾನು ಕ್ಲಾಸಿಗೆ ಬಂದೇ ಇಲ್ಲ ಸಾರ್. ಟೀಚರಮ್ಮನ್ನೇ ಕೇಳಿ," ಎಂದ ಉದ್ದಣ್ಣ.

"ಏನಮ್ಮಾ, ಬಂದಿದ್ನಾ?"

ಇಲ್ಲವೆಂದರೆ ಹಾಜರಿಯೇ ಸುಳ್ಳಾಗುತ್ತಿತ್ತು, ಟೀಚರಮ್ಮನ ಕೆಲಸವೂ ಹೋಗುತ್ತಿತ್ತು. ಬಿಡಿಭಾಗಗಳ ಪಟ್ಟಿ ಹಿಡಿದು ನಾನೂ ಅಲ್ಲೇ ನಿಂತಿದ್ದೆ. ಆ ಹಾಳೆ ಒಯ್ದವನು ನಾನೇ; ಪಟ್ಟಿ ಓದುವವನಂತೆ ಕಣ್ಣು ತಗ್ಗಿಸಿದೆ.

"ಸಹಿ ಇದೆಯಲ್ಲ ಸಾರ್," ಎಂದರು ಟೀಚರಮ್ಮ. "ಬಂದಿದ್ರು."

ನನಗೆ ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿತ್ತು. ಮಧ್ಯಾಹ್ನದ ಊಟವೂ ಸೇರಿತು.

ಊಟವಾದ ಮೇಲೆ, ವಜಾ ಆಗಿದ್ದ ಉದ್ದಣ್ಣ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಪಾಠದ ಕೋಣೆಗೆ ಬಂದ. ಜಗಳ ಗ್ಯಾರಂಟಿ ಎಂದುಕೊಂಡು ನಾನೂ ಹಿಂದೆಯೇ ಹೋದೆ.

"ಬಯ್ಯೋಕೆ ಬಂದಿಲ್ಲ ತಾಯಿ," ಎಂದ. "ಬಂದಿದ್ದೆ ಅಂತ ಹೇಳಿಬಿಟ್ರಲ್ಲ. ಮನೇಲಿ ಮಗಳು ಕೇಳ್ತಾಳೆ, ಅಲ್ಲೇನು ಹೇಳ್ಕೊಟ್ಟಿದ್ರಪ್ಪಾ ಅಂತ. ನಂಗೇನ್ ಗೊತ್ತು? ಒಂದ್ಸಲ ಹೇಳ್ಬಿಡಿ."

ಅವನು ಮುಂದಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತ. ಟೀಚರಮ್ಮ ಎದ್ದು ಬೋರ್ಡಿನ ಪಕ್ಕ ನಿಂತರು. ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ, ಪೂರ್ತಿ ಪಾಠ ಮಾಡಿದರು. ಸುಳ್ಳು ಹೇಳಬಾರದೆಂಬಲ್ಲಿ ಕೂಡ ದನಿ ನಡುಗಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಉದ್ದಣ್ಣ ಚೀಲ ಎತ್ತಿಕೊಂಡ.

"ಚೆನ್ನಾಗಿ ಹೇಳ್ಕೊಡ್ತೀರಿ," ಎಂದು ಹೊರಟುಹೋದ.