ಲಾಭ, ನಾಲ್ಕು, ಎರಡು

ಕಾಳು ಅಳೆಯುವಾಗ ಮೊದಲ ಸೇರಿಗೆ ನಮ್ಮಲ್ಲಿ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಲಾಭ, ಎರಡು, ಮೂರು. ಹರಪನಹಳ್ಳಿಯಲ್ಲಿ ನಮ್ಮದು ಕಾಳಿನ ಅಂಗಡಿ. ನಾನು ಮಾತು ಕಲಿತದ್ದೇ ಮೆಕ್ಕೆಜೋಳದ ರಾಶಿಯ ಪಕ್ಕದಲ್ಲಿ. ಬಿ.ಎಡ್. ಮುಗಿಸಿದ ಮೇಲೂ ಎಲ್ಲೂ ಕೆಲಸ ಸಿಗದೆ, ‘ಅಂಗಡಿ ನೋಡ್ಕೊಂಡು ಇದ್ದುಬಿಡು’ ಎಂಬ ಮಾತು ಮನೆಯಲ್ಲಿ ಶುರುವಾಗಿದ್ದಾಗ ಕೊಟ್ಟೂರಿನ ಒಂದು ಹೈಸ್ಕೂಲಿನಿಂದ ಕರೆ ಬಂತು. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಹಿಡಿಸಿದರೆ ಕೆಲಸ.

ನಾನು ಆರಿಸಿಕೊಂಡದ್ದು 142857. ಎಂಟನೇ ತರಗತಿಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಒಂದೊಂದೇ ಅಂಕಿಯನ್ನು ಜೋರಾಗಿ ಓದಿದೆ: ‘ಲಾಭ, ನಾಲ್ಕು, ಎರಡು...’

ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಶಾಲೆಯ ಕಾರ್ಯದರ್ಶಿ, ‘ಇದು ಸಾಲಿ ಐತ್ರಿ, ಸಂತಿ ಅಲ್ಲ’ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪಾಯಿತು ಎನ್ನುವ ಮಾತು ಬಾಯಿತನಕ ಬಂದಿತ್ತು, ನುಂಗಿಕೊಂಡೆ. ನನ್ನನ್ನು ಓದಿಸಿದ ಅಂಗಡಿಯ ಮಾತಿಗೆ ನಾನೇಕೆ ಕ್ಷಮೆ ಕೇಳಲಿ?

‘ಹೌದ್ರಿ, ನಮ್ಮಂಗಡ್ಯಾಗ ಮೊದಲನೇದಕ್ಕ ಲಾಭ ಅಂತೀವಿ,’ ಎಂದು ಮಕ್ಕಳ ಕಡೆ ತಿರುಗಿದೆ. ‘ಈಗ ಇದನ್ನ ಎರಡರಿಂದ ಗುಣಿಸ್ರಿ. ಲಾಭ ಎಲ್ಲಿಗೆ ಹೋತು ನೋಡಿ ಹೇಳ್ರಿ.’

285714 ಬಂತು. ಅವೇ ಆರು ಅಂಕಿ, ಅದೇ ಸಾಲು. ಬೇರೆ ಕಡೆಯಿಂದ ಶುರುವಾಗಿದೆ, ಅಷ್ಟೆ. ‘ನಾಕರ ಪಕ್ಕ ಕುಂತೈತ್ರಿ’ ಎಂದಳು ಮುಂದಿನ ಸಾಲಿನ ಹುಡುಗಿ. ಮೂರರಿಂದ ಗುಣಿಸಿದರೆ 428571, ಲಾಭ ಕಟ್ಟಕಡೆಗೆ. ನಾಲ್ಕು, ಐದು, ಆರು, ಯಾವುದರಿಂದ ಗುಣಿಸಿದರೂ ಹೊಸ ಅಂಕಿ ಒಳಗೆ ಬರಲಿಲ್ಲ, ಹಳೆಯದು ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ನಗು ನಿಂತು, ಎಲ್ಲರೂ ತಲೆ ಬಗ್ಗಿಸಿ ಲೆಕ್ಕಕ್ಕೆ ಬಿದ್ದಿದ್ದರು.

‘ಏಳರಿಂದ?’ ಎಂದೆ.

999999. ‘ಲಾಭನ ಇಲ್ಲಲ್ರಿ, ಟೀಚರ್’ ಎಂದಳು ಅದೇ ಹುಡುಗಿ.

ನಮ್ಮಜ್ಜಿ ಅಂಗಡಿಯಲ್ಲಿ ‘ಏಳು’ ಎನ್ನಲು ಬಿಡುತ್ತಿರಲಿಲ್ಲ, ಗಿರಾಕಿಗೆ ಎದ್ದು ಹೋಗು ಎಂದಂತಾಗುತ್ತದೆಂದು. ಅದನ್ನು ಹೇಳಿದಾಗ ಮಕ್ಕಳು ಮತ್ತೆ ನಕ್ಕರು. ಈ ಸಲ ನಾನೂ ನಕ್ಕೆ. ಒಂದನ್ನು ಏಳರಿಂದ ಭಾಗಿಸಿದರೆ ದಶಾಂಶದಲ್ಲಿ ಮುಗಿಯದೆ ಸುತ್ತುತ್ತಲೇ ಇರುವ ಅಂಕಿಗಳು ಇವೇ ಎಂದು ಭಾಗಾಕಾರ ಮಾಡಿ ತೋರಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಕಾರ್ಯದರ್ಶಿ ಬಾಗಿಲಲ್ಲಿ ನನ್ನನ್ನು ತಡೆದರು. ಕೈಯಲ್ಲೊಂದು ಚೀಟಿ. ‘ನಾನು ಎಂಟರಿಂದ ಗುಣಿಸಿದ್ನಿ. 1142856. ಏಳು ಅಂಕಿ ಬಂದಾವಲ್ರಿ, ಲೆಕ್ಕ ಕೆಟ್ಟುಹೋತೇನು?’

ಮೊದಲ ಒಂದನ್ನು ಕಿತ್ತು ಉಳಿದ 142856ಕ್ಕೆ ಕೂಡಿಸಿದರೆ ನಮ್ಮ ಸಂಖ್ಯೆಯೇ ಮರಳಿ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಆ ಜಂಬದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ.

‘ಅದು ನಾಳಿನ ಪಾಠ್ರಿ ಸರ್,’ ಎಂದೆ.

ಅವರು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ‘ಹಂಗಾದ್ರ ನಾಳಿ ಒಂಬತ್ತೂವರಿಗೆ ಬಂದ್ಬಿಡ್ರಿ, ಟೀಚರ್.’